ಆಟ ಮತ್ತು ಆಚಾರ: ಗುಂಡಪ್ಪ ವಿಶ್ವನಾಥರ ಬಾಳ್ವೆಯ ಪಾಠ

ಸ್ಮರಣಸಂಚಿಕೆಯೆಂದರೆ ನೆನೆಯತಕ್ಕುದನ್ನು ನೆನೆಯುವ ಪುಸ್ತಕ. ಅದರಲ್ಲಿ ಕಟ್ಟಡಗಳ ಚಿತ್ರಗಳಿರುತ್ತವೆ, ದಾನಿಗಳ ನಾಮಾವಳಿಯಿರುತ್ತದೆ, ಪರೀಕ್ಷೆಗಳಲ್ಲಿ ಉನ್ನತಶ್ರೇಣಿ ಪಡೆದ ವಿದ್ಯಾರ್ಥಿಗಳ ಪಟ್ಟಿಯಿರುತ್ತದೆ. ಇವೆಲ್ಲ ಇರಬೇಕಾದವುಗಳೇ ಸರಿ. ಆದರೆ ಒಂದು ವಿದ್ಯಾಸಂಸ್ಥೆಯು ತನ್ನ ಮಕ್ಕಳ ಮುಂದೆ ಯಾರನ್ನು ನಿಲ್ಲಿಸಿ, ಇವರಂತೆ ಬಾಳಿರಿ ಎಂದು ಹೇಳುತ್ತದೆ ಎಂಬುದು ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿ. ಕವಿಗಳು, ದಾರ್ಶನಿಕರು, ದೇಶಭಕ್ತರು ಈ ಸ್ಥಾನಕ್ಕೆ ಅರ್ಹರೆಂಬುದು ನಿರ್ವಿವಾದ. ಅವರ ಸಾಲಿನಲ್ಲಿ ಒಬ್ಬ ಕ್ರಿಕೆಟ್ ದಾಂಡಿಗನನ್ನು ಕೂರಿಸಿದರೆ ಕೆಲವರು ಹುಬ್ಬೇರಿಸಬಹುದು. ಕೂರಿಸಬಹುದೆಂದೂ ಕೂರಿಸಬೇಕೆಂದೂ ವಾದಿಸುವುದೇ ಈ ಬರಹದ ಉದ್ದೇಶ. ಆ ದಾಂಡಿಗರ ಹೆಸರು ಗುಂಡಪ್ಪ ರಂಗನಾಥ ವಿಶ್ವನಾಥ.

ಆಟವನ್ನು ಹಗುರವಾಗಿ ಕಾಣುವುದು ನಮ್ಮ ಪರಂಪರೆಯ ಸ್ವಭಾವವಲ್ಲ. ರನ್ನ ಮಹಾಕವಿಯು ಒಂದು ಇಡೀ ಕಾವ್ಯವನ್ನು ಇಬ್ಬರು ವೀರರ ಗದೆಯ ಕಾಳಗದ ಸುತ್ತ ಕಟ್ಟಿದನು. ಗದಾಯುದ್ಧಕ್ಕೆ ಒಂದು ಕಟ್ಟಳೆಯುಂಟು. ನಾಭಿಯಿಂದ ಕೆಳಗೆ ಹೊಡೆಯಕೂಡದು. ಭೀಮನು ದುರ್ಯೋಧನನ ತೊಡೆಗೆ ಹೊಡೆದನು, ಗೆದ್ದನು, ತನ್ನ ಪ್ರತಿಜ್ಞೆಯನ್ನು ತೀರಿಸಿಕೊಂಡನು. ದುರ್ಯೋಧನನ ಅಪರಾಧಗಳು ಎಷ್ಟೇ ಇರಲಿ, ಆ ಒಂದು ಪೆಟ್ಟು ಧರ್ಮ್ಯವೇ ಎಂಬ ಪ್ರಶ್ನೆಯನ್ನು ಭಾರತದ ಓದುಗರು ಇಂದಿಗೂ ಬಿಟ್ಟಿಲ್ಲ. ಗೆಲುವು ಹೇಗೆ ಬಂತೆಂಬುದನ್ನು ಕೇಳದೆ ಗೆಲುವನ್ನು ಒಪ್ಪಿಕೊಳ್ಳುವ ಜನ ನಾವಾಗಿರಲಿಲ್ಲ ಎಂಬುದಕ್ಕೆ ಇದೊಂದು ಸಾಕ್ಷ್ಯ. ವಿಶ್ವನಾಥರ ಬಾಳ್ವೆಯ ಮುಖ್ಯ ಪ್ರಸಂಗವನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು.

ವಿಶ್ವನಾಥರು ಹುಟ್ಟಿದ್ದು 1949ನೆಯ ಇಸವಿ ಫೆಬ್ರವರಿ 12ರಂದು, ಭದ್ರಾನದಿಯ ದಡದ ಭದ್ರಾವತಿಯಲ್ಲಿ. ಕಬ್ಬಿಣದ ಕಾರ್ಖಾನೆಯಿಂದ ಹೆಸರಾದ ಆ ಊರು ನಾಡಿಗೆ ಒಬ್ಬ ಕುಸುಮಕೋಮಲ ಕಲಾವಿದನನ್ನೂ ಕೊಟ್ಟಿತು. ಆಳು ಗಿಡ್ಡ, ಮೈಕಟ್ಟು ಪುಟ್ಟದು. ಭೀಮಕಾಯದ ವೇಗದ ಬೌಲರುಗಳೆದುರು ಈ ಮೂರ್ತಿ ನಿಂತಾಗ, ಮೊದಲ ನೋಟಕ್ಕೆ ಪ್ರೇಕ್ಷಕರಲ್ಲಿ ಕನಿಕರ ಹುಟ್ಟುತ್ತಿದ್ದುದು ಸಹಜ. ಮೂರು ನಾಲ್ಕು ಚೆಂಡುಗಳು ಕಳೆಯುವಷ್ಟರಲ್ಲಿ ಆ ಕನಿಕರ ಬೌಲರನ ಕಡೆಗೆ ತಿರುಗುತ್ತಿತ್ತು.

1967ರ ನವೆಂಬರ್ ತಿಂಗಳಲ್ಲಿ ವಿಜಯವಾಡದಲ್ಲಿ ಆಂಧ್ರ ತಂಡದೆದುರು ಮೈಸೂರಿನ ಪರವಾಗಿ ಅವರು ತಮ್ಮ ಮೊದಲ ರಣಜಿ ಪಂದ್ಯವನ್ನು ಆಡಿದರು. ಹದಿನೆಂಟರ ಹುಡುಗ ಆ ಮೊದಲ ಪಂದ್ಯದಲ್ಲಿಯೇ 230 ಓಟಗಳನ್ನು ಗಳಿಸಿದನು. ಎರಡು ವರ್ಷಗಳ ತರುವಾಯ, 1969ರ ನವೆಂಬರಿನಲ್ಲಿ, ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಟೆಸ್ಟ್ ಪ್ರವೇಶವಾಯಿತು. ಮೊದಲ ಸರದಿಯಲ್ಲಿ ದೊರೆತುದು ಸೊನ್ನೆ. ಎಳೆಯನ ಎದೆಗುಂದಿಸಲು ಅಷ್ಟು ಸಾಕಾಗಿತ್ತು. ಆಗ ನಾಯಕರಾಗಿದ್ದ ಪಟೌಡಿಯವರು ಅವರ ಬಳಿಗೆ ಬಂದು ಧೈರ್ಯ ಹೇಳಿದರು. ಚಿಂತೆ ಬೇಡ, ಮುಂದಿನ ಸರದಿಯಲ್ಲಿ ಶತಕ ಬರುತ್ತದೆ ಎಂಬ ಭಾವದ ಮಾತನ್ನಾಡಿದರು. ಎರಡನೆಯ ಸರದಿಯಲ್ಲಿ ವಿಶ್ವನಾಥರು 137 ಓಟಗಳನ್ನು ಗಳಿಸಿದರು. ಈ ಪ್ರಸಂಗವನ್ನು ಅವರು ಮುಂದೆ ಅನೇಕ ಬಾರಿ ಕೃತಜ್ಞತೆಯಿಂದ ನೆನೆದಿದ್ದಾರೆ. ಸೊನ್ನೆ ಪಡೆದು ತಲೆತಗ್ಗಿಸಿ ಕುಳಿತ ಹುಡುಗನಿಗೆ ಹಿರಿಯನೊಬ್ಬನು ಆಡಿದ ಒಂದು ಒಳ್ಳೆಯ ಮಾತು ಎಷ್ಟು ಬೆಲೆಬಾಳುತ್ತದೆಂಬುದನ್ನು ಬೋಧಕವರ್ಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಂದಿಗೆ ಭಾರತೀಯ ಕ್ರಿಕೆಟ್ಟಿನಲ್ಲಿ ಒಂದು ಅಪಶಕುನದ ನಂಬಿಕೆ ಬೇರೂರಿತ್ತು. ಪ್ರವೇಶದ ಟೆಸ್ಟ್ ಪಂದ್ಯದಲ್ಲಿ ಶತಕ ಹೊಡೆದ ಭಾರತೀಯನಿಗೆ ಎರಡನೆಯ ಶತಕ ಒಲಿಯುವುದಿಲ್ಲವೆಂಬುದೇ ಅದು. ಲಾಲಾ ಅಮರನಾಥ್, ದೀಪಕ್ ಶೋಧನ್, ಕೃಪಾಲ್ ಸಿಂಗ್, ಅಬ್ಬಾಸ್ ಅಲಿ ಬೇಗ್, ಹನುಮಂತ ಸಿಂಗ್, ಈ ಐವರ ಪಾಲಿಗೂ ಹಾಗೆಯೇ ಆಗಿತ್ತು. ವಿಶ್ವನಾಥರಿಗೂ ಮೂರು ವರ್ಷಗಳಿಗೂ ಮೀರಿ ಎರಡನೆಯ ಶತಕ ಕೈಗೂಡಲಿಲ್ಲ. 1973ರ ಫೆಬ್ರವರಿಯಲ್ಲಿ ಮುಂಬಯಿಯ ಬ್ರೆಬೋರ್ನ್ ಮೈದಾನದಲ್ಲಿ ಇಂಗ್ಲೆಂಡಿನೆದುರು 113 ಓಟ ಗಳಿಸಿ ಅವರು ಆ ನಂಬಿಕೆಯನ್ನು ಹುಸಿಗೊಳಿಸಿದರು. ಶತಕ ಪೂರೈಸಿದ ಕ್ಷಣದಲ್ಲಿ ಎದುರಾಳಿ ತಂಡದ ಟೋನಿ ಗ್ರೇಗ್ ಎಂಬ ಆಜಾನುಬಾಹು ಓಡಿಬಂದು, ತಾಯಿ ಮಗುವನ್ನೆತ್ತಿಕೊಳ್ಳುವಂತೆ ಅವರನ್ನು ತೋಳಿನಲ್ಲಿ ಎತ್ತಿ ತೂಗಿದನು. ಎದುರಾಳಿಯ ಶತಕಕ್ಕೆ ಚಪ್ಪಾಳೆ ತಟ್ಟುವುದು ಶಿಷ್ಟಾಚಾರ. ಎತ್ತಿ ಮುದ್ದಾಡುವುದು ಪ್ರೀತಿ. ಆ ಪ್ರೀತಿಯನ್ನು ಓಟಗಳ ಲೆಕ್ಕದಿಂದ ಸಂಪಾದಿಸಲು ಬರುವುದಿಲ್ಲ.

ಅವರ ಆಟದ ಬಗೆಯನ್ನು ಕುರಿತು ಎರಡು ಮಾತು ಅವಶ್ಯ. ಹನ್ನೊಂದನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದು ಸಾರಿದನು. ಯಾವುದು ಎಲ್ಲಿ ಎಷ್ಟು ಇರಬೇಕೋ ಅದು ಅಲ್ಲಿ ಅಷ್ಟೇ ಇರುವುದು ಔಚಿತ್ಯ. ವಿಶ್ವನಾಥರ ಸ್ಕ್ವೇರ್ ಕಟ್ ಹೊಡೆತವು ಈ ತತ್ತ್ವಕ್ಕೆ ಮೈದಾನದಲ್ಲಿ ದೊರೆತ ಒಂದು ಉದಾಹರಣೆ. ಚೆಂಡು ದಾಂಡಿಗನನ್ನು ದಾಟಿಹೋಯಿತೆಂದು ನೋಡುವವರು ಭಾವಿಸುವಷ್ಟರಲ್ಲಿ, ದಾಂಡು ತಡವಾಗಿ ಇಳಿದು, ಮಣಿಕಟ್ಟಿನ ಒಂದೇ ತಿರುವಿನಿಂದ ಅದನ್ನು ಗಡಿಯತ್ತ ಕಳುಹುತ್ತಿತ್ತು. ತೋಳ್ಬಲ ಅಲ್ಪ, ಬೌಲರನ ವೇಗವೇ ಅವರಿಗೆ ಬಂಡವಾಳ. ಚೆಂಡು ಎಷ್ಟು ಬಿರುಸಾಗಿ ಬಂದರೆ ಅಷ್ಟು ಬಿರುಸಾಗಿ ಹೊರಡುತ್ತಿತ್ತು. ಕಾಲ ಕಡೆಗೆ ಬಂದ ಚೆಂಡನ್ನು ಮಣಿಕಟ್ಟಿನಿಂದ ಹೊರಳಿಸುವುದರಲ್ಲಿಯೂ ಇದೇ ಮಿತವ್ಯಯ. ಹೆಚ್ಚಿನ ಮಾತಿಲ್ಲದ ಒಳ್ಳೆಯ ಗದ್ಯದಂತೆ ಅವರ ಆಟದಲ್ಲಿ ಹೆಚ್ಚಿನ ಚಲನೆಯೇ ಇರಲಿಲ್ಲ.

ಈ ಸೊಗಸು ಸಮತಟ್ಟಾದ ನೆಲದಲ್ಲಿ, ಸುಲಭವಾದ ಬೌಲಿಂಗಿನೆದುರು ಮಾತ್ರ ಅರಳುವ ಸೊಗಸಾಗಿದ್ದರೆ ಅದಕ್ಕೆ ಅಷ್ಟೇನೂ ಬೆಲೆಯಿರುತ್ತಿರಲಿಲ್ಲ. 1974-75ರಲ್ಲಿ ವೆಸ್ಟ್ ಇಂಡೀಸ್ ತಂಡ ಭಾರತಕ್ಕೆ ಬಂದು, ಬೆಂಗಳೂರು ಹಾಗೂ ದೆಹಲಿಗಳಲ್ಲಿ ಮೊದಲ ಎರಡು ಟೆಸ್ಟ್ ಪಂದ್ಯಗಳನ್ನೂ ಗೆದ್ದಿತು. ಮೂರನೆಯ ಪಂದ್ಯ ಕಲ್ಕತ್ತೆಯಲ್ಲಿ. ಅಲ್ಲಿ ಎರಡನೆಯ ಸರದಿಯಲ್ಲಿ ವಿಶ್ವನಾಥರು 139 ಓಟ ಗಳಿಸಿದರು. ಭಾರತ 85 ಓಟಗಳಿಂದ ಗೆದ್ದಿತು. ಮುಂದಿನದು 1975ರ ಜನವರಿಯಲ್ಲಿ ಮದರಾಸಿನ ಪಂದ್ಯ. ಆಂಡಿ ರಾಬರ್ಟ್ಸ್ ಅವರ ಬಿರುಗಾಳಿಯ ವೇಗಕ್ಕೆ ಭಾರತದ ಏಳು ಹುದ್ದರಿಗಳು ಉರುಳಿದವು. ಇತರರು ಬರುತ್ತ ಹೋಗುತ್ತಿದ್ದಂತೆ ಒಂದು ತುದಿಯಲ್ಲಿ ವಿಶ್ವನಾಥರು ನಿಂತೇ ಇದ್ದರು. ತಂಡದ ಒಟ್ಟು ಮೊತ್ತ 190. ಅದರಲ್ಲಿ ಅವರ ಪಾಲು 97, ಅರ್ಧಕ್ಕಿಂತ ಮಿಗಿಲು. ಕೊನೆಯ ಜೊತೆಗಾರ ಚಂದ್ರಶೇಖರ್ ಔಟಾದುದರಿಂದ ಶತಕಕ್ಕೆ ಮೂರೇ ಓಟ ಉಳಿದುಹೋಯಿತು. ಭಾರತ ಆ ಪಂದ್ಯವನ್ನು 100 ಓಟಗಳಿಂದ ಗೆದ್ದು ಸರಣಿಯನ್ನು ಸಮಗೊಳಿಸಿತು. ಅಂತಿಮ ಪಂದ್ಯವನ್ನು ಸೋತಿತೆಂಬುದು ಬೇರೆ ಮಾತು. ಗೌರವಫಲಕಗಳಲ್ಲಿ ಶತಕಗಳಿಗೆ ಮಾತ್ರ ಸ್ಥಾನ. ಆ ಮೂರು ಓಟಗಳ ಕೊರತೆಯಿಂದ ಈ 97ಕ್ಕೆ ಅಲ್ಲಿ ಎಡೆಯಿಲ್ಲ. ಆದರೆ ಕಂಡವರ ನೆನಪಿನಲ್ಲಿ ಅವರ ಎಷ್ಟೋ ಶತಕಗಳು ಈ 97ರ ಹಿಂದೆ ನಿಲ್ಲುತ್ತವೆ. ಅಂಕೆಗೂ ಅರ್ಹತೆಗೂ ಇರುವ ಅಂತರವನ್ನು ತಿಳಿಯಲು ಇದೊಂದೇ ನಿದರ್ಶನ ಸಾಕು.

ಕನ್ನಡಿಗರ ಮಟ್ಟಿಗೆ ಇನ್ನೊಂದು ಸಂದರ್ಭ ಚಿರಸ್ಮರಣೀಯ. 1973ರ ನವೆಂಬರ್ ಒಂದರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ನಾಮಕರಣವಾಯಿತು. ಅದೇ ಋತುವಿನಲ್ಲಿ, 1974ರಲ್ಲಿ, ಬೆಂಗಳೂರಿನ ರಣಜಿ ಉಪಾಂತ್ಯ ಪಂದ್ಯದಲ್ಲಿ ಕರ್ನಾಟಕವು ಮುಂಬಯಿಯನ್ನು ಎದುರಿಸಿತು. ಮುಂಬಯಿ ಸತತವಾಗಿ ಹದಿನೈದು ವರ್ಷ ರಣಜಿ ಪಾರಿತೋಷಕವನ್ನು ತನ್ನಲ್ಲಿಯೇ ಇರಿಸಿಕೊಂಡಿದ್ದ ತಂಡ. ವಿಶ್ವನಾಥರು 162, ಬ್ರಿಜೇಶ್ ಪಟೇಲರು 106 ಓಟಗಳನ್ನು ಗಳಿಸಿದರು. ಪ್ರಸನ್ನ, ಚಂದ್ರಶೇಖರ್ ಜೋಡಿಯ ಸ್ಪಿನ್ ಬೌಲಿಂಗು ಉಳಿದುದನ್ನು ನೆರವೇರಿಸಿತು. ಮೊದಲ ಸರದಿಯ ಮುನ್ನಡೆಯ ಬಲದಿಂದ ಕರ್ನಾಟಕ ಮುಂದೆ ಸಾಗಿ, ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ರಣಜಿ ವಿಜೇತವಾಯಿತು. ಹೊಸ ಹೆಸರು ಪಡೆದ ನಾಡಿಗೆ ಅದೊಂದು ನಾಮಕರಣದ ಉಡುಗೊರೆಯೇ ಸರಿ. ನಾಲ್ಕು ವರ್ಷಗಳ ಮೇಲೆ, ಉತ್ತರಪ್ರದೇಶದ ವಿರುದ್ಧದ ಅಂತಿಮ ಪಂದ್ಯದಲ್ಲಿ ವಿಶ್ವನಾಥರ 247 ಓಟಗಳ ನೆರವಿನಿಂದ ಕರ್ನಾಟಕ ಮತ್ತೊಮ್ಮೆ ಪಾರಿತೋಷಕವನ್ನು ಗೆದ್ದಿತು.

ಹೊರದೇಶಗಳಲ್ಲಿಯೂ ಅವರ ಕೀರ್ತಿಗೆ ಕೊರತೆಯಾಗಲಿಲ್ಲ. 1976ರ ಏಪ್ರಿಲಿನಲ್ಲಿ ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನಿನಲ್ಲಿ, ನಾಲ್ಕನೆಯ ಸರದಿಯಲ್ಲಿ 403 ಓಟಗಳ ಗುರಿಯನ್ನು ಬೆನ್ನಟ್ಟಿದ ಭಾರತ, 4 ಹುದ್ದರಿಗಳ ನಷ್ಟಕ್ಕೆ 406 ಗಳಿಸಿ ಗೆದ್ದಿತು. ಗಾವಸ್ಕರ್ 102, ವಿಶ್ವನಾಥ್ 112, ಮೊಹಿಂದರ್ ಅಮರನಾಥ್ 85. 1948ರಲ್ಲಿ ಬ್ರಾಡ್ಮನ್ನರ ಆಸ್ಟ್ರೇಲಿಯ ತಂಡ ಸ್ಥಾಪಿಸಿದ್ದ ದಾಖಲೆಯನ್ನು ಮುರಿದ ಈ ಸಾಧನೆ 2003ರವರೆಗೆ ಅಳಿಯದೆ ಉಳಿಯಿತು. 1979ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಸೋಲಿನ ದವಡೆಯಿಂದ ತಂಡವನ್ನು ಪಾರುಮಾಡಿದ 113, 1981ರಲ್ಲಿ ಮೆಲ್ಬೋರ್ನಿನಲ್ಲಿ ತಂಡದ 237ರ ಮೊತ್ತದಲ್ಲಿ ಗಳಿಸಿದ 114, ಇವೆಲ್ಲ ಆಪತ್ಕಾಲದ ಕೊಡುಗೆಗಳು. 1982ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ ಗಳಿಸಿದ 222 ಅವರ ಅತ್ಯಧಿಕ ವೈಯಕ್ತಿಕ ಮೊತ್ತ.

ಒಟ್ಟು 91 ಟೆಸ್ಟ್ ಪಂದ್ಯಗಳು, 6080 ಓಟಗಳು, 14 ಶತಕಗಳು, ಸರಾಸರಿ 41.93. ಸಮಕಾಲೀನರೂ ಆಪ್ತರೂ ಬಂಧುಗಳೂ ಆದ ಸುನಿಲ್ ಗಾವಸ್ಕರರ 10122 ಓಟಗಳ, 34 ಶತಕಗಳ ಪಕ್ಕದಲ್ಲಿಟ್ಟರೆ ಈ ಅಂಕೆಗಳು ಚಿಕ್ಕವಾಗಿಯೇ ಕಾಣುತ್ತವೆ. ಅಂಕೆಗಳನ್ನೇ ಕೇಳುವವರಿಗೆ ಮತ್ತೊಂದು ಅಂಕೆಯನ್ನೂ ತೋರಿಸಬಹುದು: ವಿಶ್ವನಾಥರು ಶತಕ ಹೊಡೆದ ಹದಿನಾಲ್ಕು ಟೆಸ್ಟ್ ಪಂದ್ಯಗಳಲ್ಲಿ ಭಾರತವು ನಾಲ್ಕನ್ನು ಗೆದ್ದಿತು, ಹತ್ತನ್ನು ಡ್ರಾ ಮಾಡಿಕೊಂಡಿತು, ಒಂದನ್ನೂ ಸೋಲಲಿಲ್ಲ. ಸ್ವತಃ ಗಾವಸ್ಕರರು ತಮ್ಮ ಮಗನಿಗೆ ಹೆಸರಿಡುವಾಗ ತಾವು ಮೆಚ್ಚಿದ ಮೂವರು ಆಟಗಾರರ ಹೆಸರುಗಳನ್ನು ಕೂಡಿಸಿದರು. ರೋಹನ್ ಕನ್ಹಾಯ್, ಜಯಸಿಂಹ ಇವರೊಡನೆ ಮೂರನೆಯವರು ವಿಶ್ವನಾಥರು. ಲೋಕವು ಹಿರಿಯನೆಂದು ಎಣಿಸಿದ ಆಟಗಾರನೇ ಜೊತೆಗಾರನಿಗೆ ಸಲ್ಲಿಸಿದ ಗೌರವವಿದು.

ಇನ್ನು ಮುಖ್ಯ ಪ್ರಸಂಗ. 1980ರ ಫೆಬ್ರವರಿ 15ರಂದು ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಭಾರತ ಹಾಗೂ ಇಂಗ್ಲೆಂಡ್ ತಂಡಗಳ ನಡುವೆ ಒಂದು ವಿಶೇಷ ಟೆಸ್ಟ್ ಪಂದ್ಯ ಆರಂಭವಾಯಿತು. ಅದು ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಪಂದ್ಯ. 16ರಂದು ಸೂರ್ಯಗ್ರಹಣವಿದ್ದುದರಿಂದ ಅಂದು ಬಿಡುವು ಕೊಡಲಾಗಿತ್ತು. ಗಾವಸ್ಕರರು ನಾಯಕತ್ವವನ್ನು ಬಿಟ್ಟುಕೊಟ್ಟಿದ್ದುದರಿಂದ ವಿಶ್ವನಾಥರು ನಾಯಕರಾಗಿದ್ದರು. ಮೂರು ದಿನಗಳ ಹಿಂದೆಯಷ್ಟೇ ಮೂವತ್ತೊಂದು ತುಂಬಿದ್ದ ಅವರಿಗೆ ನಾಯಕರಾಗಿ ಅದು ಎರಡನೆಯ ಟೆಸ್ಟ್. ಭಾರತದ ಮೊದಲ ಸರದಿ 242ಕ್ಕೆ ಮುಗಿದಿತ್ತು. ಉತ್ತರವಾಗಿ ಆಡಿದ ಇಂಗ್ಲೆಂಡು 58 ಓಟಗಳಿಗೆ ಐದು ಹುದ್ದರಿಗಳನ್ನು ಕಳೆದುಕೊಂಡಿತು. ಬಳಿಕ ಇಯಾನ್ ಬಾಥಮ್ ಜೊತೆಗೆ ವಿಕೆಟ್ ಕೀಪರ್ ಬಾಬ್ ಟೇಲರ್ ಆಡತೊಡಗಿದರು. ಪಂದ್ಯ ಭಾರತದ ಮುಷ್ಟಿಯಲ್ಲಿತ್ತೆಂದರೆ ಅತಿಶಯೋಕ್ತಿಯಲ್ಲ.

ಕಪಿಲ್ ದೇವರ ಒಂದು ಚೆಂಡು ಟೇಲರರ ದಾಂಡಿನ ಬಳಿಯಲ್ಲಿ ಹಾದು ಕೀಪರ್ ಕಿರ್ಮಾನಿಯವರ ಕೈ ಸೇರಿತು. ಕ್ಯಾಚ್ ಎಂಬ ಕೂಗೆದ್ದಿತು. ಅಂಪೈರರ ಬೆರಳೂ ಮೇಲೆದ್ದಿತು. ಟೇಲರರು ಕ್ಷಣಕಾಲ ತಡೆದು ನಿಂತರು. ಅವರ ಮುಖದಲ್ಲಿ ಅಚ್ಚರಿಯಿತ್ತು. ಮೊದಲನೆಯ ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥರಿಗೆ ಚೆಂಡು ದಾಂಡಿಗೆ ತಾಕಲಿಲ್ಲವೆಂಬುದು ಸ್ಪಷ್ಟವಿತ್ತು. ಅವರು ಅಂಪೈರರ ಬಳಿಗೆ ನಡೆದು, ಮನವಿಯನ್ನು ಹಿಂದೆಗೆದುಕೊಂಡು, ಟೇಲರರನ್ನು ಮರಳಿ ಆಡಲು ಕರೆದರು. ಆಮೇಲೆ ಬಾಥಮ್ ಮತ್ತು ಟೇಲರ್ ಕೂಡಿ ಆರನೆಯ ಹುದ್ದರಿಗೆ 171 ಓಟಗಳನ್ನು ಸೇರಿಸಿದರು. ಬಾಥಮ್ 114, ಟೇಲರ್ 43. ಇಂಗ್ಲೆಂಡಿನ ಮೊತ್ತ 296ಕ್ಕೆ ಏರಿತು. ಭಾರತ ಎರಡನೆಯ ಸರದಿಯಲ್ಲಿ 149ಕ್ಕೆ ಕುಸಿಯಿತು. ಇಂಗ್ಲೆಂಡ್ ಹತ್ತು ಹುದ್ದರಿಗಳಿಂದ ಗೆದ್ದಿತು. ಸುವರ್ಣ ಮಹೋತ್ಸವದ ಪಂದ್ಯದಲ್ಲಿ ಆತಿಥೇಯರೇ ಸೋತರು. ವಿಶ್ವನಾಥರು ಮತ್ತೆಂದೂ ಟೆಸ್ಟ್ ಪಂದ್ಯದಲ್ಲಿ ಭಾರತದ ನಾಯಕರಾಗಲಿಲ್ಲ. ಗೆಲುವೇ ಕಾಣದ ಎರಡು ಪಂದ್ಯಗಳ ನಾಯಕರೆಂದು ದಾಖಲೆಯ ಪುಸ್ತಕ ಅವರನ್ನು ಗುರುತಿಸುತ್ತದೆ.

ಈ ವರ್ತನೆಗೆ ಆಕ್ಷೇಪಗಳು ಇಲ್ಲದೆ ಇಲ್ಲ. ಅವುಗಳನ್ನು ಮರೆಮಾಡಿ ಹೊಗಳುವುದು ವಿಚಾರವಂತರ ಕ್ರಮವಲ್ಲ. ಮೊದಲನೆಯ ಆಕ್ಷೇಪ: ಅಂಪೈರರ ತೀರ್ಪೇ ಅಂತಿಮವೆಂದು ಒಪ್ಪಿ ಆಟಕ್ಕಿಳಿದ ಮೇಲೆ ಅದನ್ನು ತಿದ್ದಲು ನಾಯಕನು ಯಾರು? ಎರಡನೆಯದು: ಅದೇ ಅಂಪೈರರ ತಪ್ಪಿನಿಂದ ಭಾರತದ ದಾಂಡಿಗನೊಬ್ಬನು ಔಟಾಗಿದ್ದರೆ ಎದುರಾಳಿಗಳು ಅವನನ್ನು ಮರಳಿ ಕರೆಯುತ್ತಿದ್ದರೆಂಬ ಭರವಸೆಯೇನು? ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು: ನಾಯಕನು ತನ್ನ ಸ್ವಂತ ಆಸ್ತಿಯನ್ನು ದಾನಮಾಡಬಹುದು, ಹತ್ತು ಮಂದಿ ಜೊತೆಗಾರರ ಶ್ರಮವನ್ನೂ ಒಂದು ರಾಷ್ಟ್ರದ ಆಸೆಯನ್ನೂ ದಾನಮಾಡುವ ಅಧಿಕಾರ ಅವನಿಗೆಲ್ಲಿಂದ ಬಂತು?

ಮೊದಲ ಆಕ್ಷೇಪಕ್ಕೆ ಕ್ರಿಕೆಟ್ಟಿನ ನಿಯಮಾವಳಿಯೇ ಉತ್ತರ ಕೊಡುತ್ತದೆ. ಅಂಪೈರರ ಒಪ್ಪಿಗೆ ಪಡೆದು ಮನವಿಯನ್ನು ಹಿಂದೆಗೆದುಕೊಳ್ಳಲು ನಾಯಕನಿಗೆ ಅವಕಾಶವುಂಟು. ವಿಶ್ವನಾಥರು ತೀರ್ಪನ್ನು ಧಿಕ್ಕರಿಸಲಿಲ್ಲ. ತೀರ್ಪಿಗೆ ಆಧಾರವಾದ ತಮ್ಮ ತಂಡದ ಮನವಿಯನ್ನೇ ವಾಪಸು ಪಡೆದರು. ಎರಡನೆಯ ಆಕ್ಷೇಪ ವ್ಯಾಪಾರದ ಲೆಕ್ಕ. ಎದುರಿನವನು ಸತ್ಯ ನುಡಿದರೆ ಮಾತ್ರ ನಾನೂ ನುಡಿಯುತ್ತೇನೆಂಬುದು ಕರಾರುಪತ್ರವಾದೀತು, ಗುಣವಾಗಲಾರದು. ಮೂರನೆಯ ಆಕ್ಷೇಪದಲ್ಲಿ ತಿರುಳಿದೆ. ಅದಕ್ಕೆ ಸಮಾಧಾನವಾಗಿ ಉತ್ತರಿಸಬೇಕು. ತಂಡದ ಆಸ್ತಿ ಯಾವುದು? ಕಪಿಲರ ಬೆವರು ತಂಡದ ಆಸ್ತಿ, ಕಿರ್ಮಾನಿಯವರ ಚುರುಕುತನ ತಂಡದ ಆಸ್ತಿ. ಅಂಪೈರರ ಕಣ್ತಪ್ಪು ತಂಡದ ಆಸ್ತಿಯಲ್ಲ. ಅಂಗಡಿಯವನು ಲೆಕ್ಕ ತಪ್ಪಿ ಹೆಚ್ಚಿಗೆ ಕೊಟ್ಟ ಚಿಲ್ಲರೆ ಮನೆಯವರೆಲ್ಲರ ಸ್ವತ್ತೆಂದು ಯಜಮಾನನು ಅದನ್ನು ಕಿಸೆಯಲ್ಲಿಟ್ಟುಕೊಂಡು ಬಂದರೆ ಅದು ಸಂಸಾರನಿಷ್ಠೆಯೆನಿಸುವುದಿಲ್ಲ. ವಿಶ್ವನಾಥರು ಹಿಂದಿರುಗಿಸಿದ್ದು ತಮ್ಮದಲ್ಲದ್ದನ್ನು. ಅವರು ದಾನ ಮಾಡಿದರೆನ್ನುವುದು ಆ ಕಾರಣದಿಂದ ಸರಿಯಾದ ಮಾತಲ್ಲ. ಬಾಕಿ ತೀರಿಸಿದರೆನ್ನುವುದು ಸರಿ.

ಇನ್ನೊಂದು ಮಾತನ್ನೂ ಇಲ್ಲಿ ಸ್ಪಷ್ಟಪಡಿಸಬೇಕು. ಆ ಒಂದು ನಡೆಯಿಂದಲೇ ಭಾರತ ಸೋತಿತೆಂದು ಹೇಳುವುದು ಸುಲಭ, ಸಾಧಿಸುವುದು ಕಷ್ಟ. ಆ ಪಂದ್ಯದಲ್ಲಿ ಬಾಥಮ್ ಒಬ್ಬರೇ ಹದಿಮೂರು ಹುದ್ದರಿಗಳನ್ನು ಕೆಡವಿದರು. ವಿಕೆಟ್ಟಿನ ಹಿಂದೆ ಅದೇ ಟೇಲರರು ಹತ್ತು ಕ್ಯಾಚುಗಳನ್ನು ಹಿಡಿದರು. ಟೇಲರರು ಆಗ ಹಿಂದಿರುಗದಿದ್ದರೂ ಭಾರತದ ಎರಡನೆಯ ಸರದಿ 149ಕ್ಕಿಂತ ಬೆಳೆಯುತ್ತಿತ್ತೆಂದು ಯಾರೂ ಪ್ರಮಾಣ ಮಾಡಲಾರರು. ಆದರೆ ವಾದಕ್ಕಾಗಿ ಪಂದ್ಯ ಸೋತಿದ್ದೇ ಅದರಿಂದ ಎಂದು ಒಪ್ಪಿಕೊಂಡರೂ ವಿಶ್ವನಾಥರ ನಡತೆಯ ಬೆಲೆ ಕುಗ್ಗುವುದಿಲ್ಲ. ನಷ್ಟವಾಗದ ಕಡೆ ಪ್ರಾಮಾಣಿಕನಾಗಿರುವುದು ಯಾರಿಗೂ ಕಷ್ಟವಲ್ಲ. ಪಂಪನ ಭಾರತವನ್ನು ಓದಿ ಮುಗಿಸಿದವರ ಮನಸ್ಸಿನಲ್ಲಿ ಗೆದ್ದ ಅರ್ಜುನನಷ್ಟೇ ಗಾಢವಾಗಿ ಸೋತ ಕರ್ಣನೂ ಉಳಿಯುತ್ತಾನೆ. ನಷ್ಟವನ್ನು ತಿಳಿದೂ ನುಡಿಗೆ ತಪ್ಪದವನೆಂಬುದೇ ಅದಕ್ಕೆ ಕಾರಣ.

ಇದು ಒಂದು ದಿನದ ಆವೇಶವಾಗಿರಲಿಲ್ಲ ಎಂಬುದು ಗಮನಾರ್ಹ. ತಾನು ಔಟೆಂದು ತನಗೆ ತಿಳಿದಾಗ, ಅಂಪೈರರ ಬೆರಳಿಗಾಗಿ ಕಾಯದೆ ಮೈದಾನವನ್ನು ಬಿಟ್ಟು ನಡೆಯುವವರೆಂದು ವಿಶ್ವನಾಥರು ಹೆಸರಾಗಿದ್ದರು. ತಮ್ಮ ಹುದ್ದರಿಯ ವಿಷಯದಲ್ಲಿ ಪಾಲಿಸಿದ ನಿಯಮವನ್ನೇ ಎದುರಾಳಿಯ ಹುದ್ದರಿಯ ವಿಷಯದಲ್ಲಿಯೂ ಪಾಲಿಸಿದರು, ಅಷ್ಟೆ. ನಿತ್ಯದ ರೂಢಿಯಲ್ಲಿಲ್ಲದ ಗುಣ ಪರೀಕ್ಷೆಯ ಗಳಿಗೆಯಲ್ಲಿ ಕೈಗೆ ಬರುವುದಿಲ್ಲ. ಅಭ್ಯಾಸವೇ ಆಪತ್ತಿನಲ್ಲಿ ಆಚಾರವಾಗಿ ತೋರಿಕೊಳ್ಳುತ್ತದೆ.

ಅವರ ಬಾಳಿನ ಉತ್ತರಾರ್ಧವೂ ಈ ಸ್ವಭಾವಕ್ಕೆ ಅನುಗುಣವಾಗಿಯೇ ನಡೆಯಿತು. 1982-83ರ ಪಾಕಿಸ್ತಾನ ಪ್ರವಾಸದಲ್ಲಿ ಅವರ ದಾಂಡು ಮೌನ ತಾಳಿತು. 1983ರ ಆರಂಭದಲ್ಲಿ ಕರಾಚಿಯಲ್ಲಿ ಆಡಿದ ಟೆಸ್ಟ್ ಪಂದ್ಯವೇ ಅವರ ಕೊನೆಯದಾಯಿತು. ಅದೇ ವರ್ಷ ಭಾರತ ವಿಶ್ವಕಪ್ಪನ್ನು ಗೆದ್ದಾಗ ಆ ಸಂಭ್ರಮದ ತಂಡದಲ್ಲಿ ಅವರಿರಲಿಲ್ಲ. ಮುಂದೆ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾಗಿ ದುಡಿದರು. 1999ರಿಂದ 2004ರವರೆಗೆ ಅಂತಾರಾಷ್ಟ್ರೀಯ ಪಂದ್ಯಗಳ ರೆಫರಿಯಾಗಿ ಇತರ ಆಟಗಾರರ ನಡತೆಯನ್ನು ತೂಗುವ ಹೊಣೆ ಹೊತ್ತರು. ತಕ್ಕಡಿ ಹಿಡಿಯುವ ಅರ್ಹತೆಯನ್ನು ಅವರು 1980ರಲ್ಲಿಯೇ ಸಂಪಾದಿಸಿದ್ದರು. 2022ರಲ್ಲಿ ‘ರಿಸ್ಟ್ ಅಶ್ಯೂರ್ಡ್’ ಎಂಬ ಅವರ ಆತ್ಮಕಥೆ ಪ್ರಕಟವಾಯಿತು.

ಕಾಲ ಬದಲಾಗಿದೆ. 2008ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಮರುಪರಿಶೀಲನೆಯ ವ್ಯವಸ್ಥೆಯಿಂದ, ಚೆಂಡು ದಾಂಡಿಗೆ ತಾಕಿತೋ ಇಲ್ಲವೋ ಎಂಬುದನ್ನು ಯಂತ್ರಗಳೇ ಹೇಳುತ್ತಿವೆ. ತಪ್ಪು ತೀರ್ಪುಗಳು ಕಡಮೆಯಾದುದು ಸಂತೋಷದ ಸಂಗತಿ. ಆದರೆ ಯಂತ್ರವು ತೀರ್ಪನ್ನು ತಿದ್ದಬಲ್ಲುದು, ಮನುಷ್ಯನನ್ನು ತಿದ್ದಲಾರದು. 2018ರಲ್ಲಿ ಕೇಪ್‌ಟೌನಿನಲ್ಲಿ ಆಸ್ಟ್ರೇಲಿಯದ ಆಟಗಾರರು ಮರಳುಕಾಗದದಿಂದ ಚೆಂಡಿನ ಮೈಯನ್ನು ಕೆಡಿಸಲು ಹೋಗಿ ಸಿಕ್ಕಿಬಿದ್ದರು; ನಾಯಕ, ಉಪನಾಯಕ ಇಬ್ಬರೂ ಒಂದೊಂದು ವರ್ಷದ ನಿಷೇಧಕ್ಕೆ ಗುರಿಯಾದರು. ಮೈದಾನದ ಸುತ್ತ ಹತ್ತಾರು ಕ್ಯಾಮರಾಗಳಿದ್ದೂ ಈ ಆಲೋಚನೆ ಹುಟ್ಟಿತು. ಕಾವಲು ಹೆಚ್ಚಿದಂತೆ ಕಳ್ಳತನ ಜಾಣವಾಗುತ್ತದೆಯೇ ಹೊರತು ತಾನಾಗಿ ನಿಲ್ಲುವುದಿಲ್ಲ. ಹಾಗೆಂದು ಒಳ್ಳೆಯದು ಬತ್ತಿಹೋಗಿದೆಯೆಂದು ನಿರಾಶರಾಗಬೇಕಾಗಿಯೂ ಇಲ್ಲ. 2011ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ, ಓವರು ಮುಗಿಯಿತೆಂಬ ಭ್ರಮೆಯಿಂದ ಗೆರೆ ದಾಟಿ ರನೌಟಾದ ಇಂಗ್ಲೆಂಡಿನ ಇಯಾನ್ ಬೆಲ್ಲರನ್ನು, ಚಹಾ ವಿರಾಮದ ಬಳಿಕ ನಾಯಕ ಧೋನಿಯವರು ಮರಳಿ ಆಡಲು ಕರೆದರು. ಆ ಪಂದ್ಯವನ್ನೂ ಭಾರತ ಸೋತಿತು. ವಿಶ್ವನಾಥರು ಹಾಕಿದ ಮೇಲ್ಪಂಕ್ತಿ ಒಂದು ತಲೆಮಾರಿನಾಚೆಗೂ ಅಳಿದಿರಲಿಲ್ಲವೆಂದು ತಿಳಿಯಲು ಅಡ್ಡಿಯಿಲ್ಲ.

ಶಾಲೆಗಳಿಗೂ ಈ ವಿಚಾರಕ್ಕೂ ಇರುವ ಸಂಬಂಧವನ್ನು ಒಂದು ಪ್ರಶ್ನೆಯಿಂದ ತೋರಿಸಬಹುದು. ಒಬ್ಬ ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿ ಅಂಕಗಳನ್ನು ಕೂಡಿಸುವಾಗ ಮೌಲ್ಯಮಾಪಕರು ತಪ್ಪಿದರೆನ್ನೋಣ. ಹತ್ತು ಅಂಕ ಕಡಮೆ ಬಂದಿದ್ದರೆ ಮನೆಯವರು ಅಂದೇ ಮರುಎಣಿಕೆಗೆ ಅರ್ಜಿ ಹಾಕುತ್ತಾರೆ, ಅದು ನ್ಯಾಯವೇ. ಹತ್ತು ಅಂಕ ಹೆಚ್ಚು ಬಂದಿದ್ದರೆ? ಆ ಹತ್ತು ಅಂಕಗಳಿಂದ ಹುಡುಗನ ಹೆಸರು ಶ್ರೇಣಿಯ ಪಟ್ಟಿಗೆ ಏರುವಂತಿದ್ದರೆ? ಅದರಿಂದ ಶಾಲೆಯ ಕೀರ್ತಿಯೂ ಏರುವಂತಿದ್ದರೆ? ಆ ಹುಡುಗನು ಗುರುಗಳ ಬಳಿಗೆ ಬಂದು, ಇದು ನನಗೆ ಸಲ್ಲತಕ್ಕದ್ದಲ್ಲ ಎಂದು ಹೇಳುವ ಧೈರ್ಯವನ್ನು ಶಾಲೆಯು ಅವನಲ್ಲಿ ಬೆಳೆಸಿದೆಯೇ? ಅವನು ಹಾಗೆ ಬಂದರೆ, ಸುಮ್ಮನಿರಪ್ಪ ಎನ್ನದೆ ಅವನ ಬೆನ್ನು ತಟ್ಟುವ ಧೈರ್ಯ ಗುರುಗಳಲ್ಲಿದೆಯೇ? ವಾಂಖೆಡೆ ಮೈದಾನದಲ್ಲಿ ವಿಶ್ವನಾಥರೆದುರು ಬಂದು ನಿಂತದ್ದು ಇದೇ ಪ್ರಶ್ನೆ.

ಈ ಧೈರ್ಯವನ್ನು ಕಪ್ಪುಹಲಗೆಯ ಮೇಲೆ ಬರೆದು ಕಲಿಸಲು ಬರುವುದಿಲ್ಲ. ಅದಕ್ಕೆ ಬಯಲು ಬೇಕು. ನೀತಿಪಾಠದ ತರಗತಿಯಲ್ಲಿ ಸತ್ಯವೇ ಮೇಲೆಂದು ಬರೆಯುವುದರಿಂದ ಯಾರಿಗೂ ನಷ್ಟವಿಲ್ಲ. ಮೈದಾನದಲ್ಲಿ, ಇನ್ನು ಎರಡೇ ಓಟ ಉಳಿದಿರುವಾಗ, ಚೆಂಡು ನನ್ನ ದಾಂಡಿಗೆ ತಾಕಿತೆಂದು ಹೇಳಿ ಹೊರನಡೆಯುವ ಹುಡುಗನು ಸತ್ಯದ ಬೆಲೆಯನ್ನು ತೆತ್ತು ಕಲಿಯುತ್ತಾನೆ. ಹಾಗೆ ಬೆಲೆ ತೆತ್ತು ಕಲಿತುದು ಮರೆಯುವುದಿಲ್ಲ. ಆಟದ ಬಯಲನ್ನು ಕತ್ತರಿಸಿ ಕೊಠಡಿಗಳನ್ನು ಕಟ್ಟುವ ಶಾಲೆ, ಆಟದ ಅವಧಿಯನ್ನು ಕಿತ್ತು ಗಣಿತಕ್ಕೆ ಕೊಡುವ ವೇಳಾಪಟ್ಟಿ, ಈ ಕಲಿಕೆಯ ಏಕೈಕ ಪ್ರಯೋಗಶಾಲೆಯನ್ನೇ ಮುಚ್ಚುತ್ತವೆ.

ಆದಕಾರಣ ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು, ದಾನಿಗಳು ಈ ಮೂವರಿಗೂ ಮೂರು ಬಿನ್ನಹಗಳು ಸಲ್ಲುತ್ತವೆ. ವ್ಯಾಯಾಮ ಶಿಕ್ಷಕರನ್ನು ಶಿಸ್ತಿನ ಕಾವಲುಗಾರರೆಂದು ಎಣಿಸದೆ ಚಾರಿತ್ರ್ಯದ ಬೋಧಕರೆಂದು ಸಹೋದ್ಯೋಗಿಗಳು ಗೌರವಿಸಬೇಕು. ದಾನಿಗಳು ಒಂದು ಕೊಠಡಿಯ ಮೇಲೆ ಹೆಸರು ಕೆತ್ತಿಸುವಷ್ಟೇ ಉತ್ಸಾಹದಿಂದ, ಒಂದು ಬಯಲು ಬಯಲಾಗಿಯೇ ಉಳಿಯುವುದಕ್ಕೂ ನೆರವಾಗಬೇಕು. ವಾರ್ಷಿಕೋತ್ಸವದಲ್ಲಿ ಅತ್ಯಧಿಕ ಓಟ, ಅತ್ಯಧಿಕ ಅಂಕ ಗಳಿಸಿದವರಿಗೆ ಬಹುಮಾನ ಕೊಡುವ ವೇದಿಕೆಯ ಮೇಲೆಯೇ, ತನಗೆ ಸಲ್ಲದುದನ್ನು ಹಿಂದಿರುಗಿಸಿದ ಮಗುವಿಗೂ ಒಂದು ಬಹುಮಾನವಿರಲಿ. ಅದರ ವೆಚ್ಚವನ್ನು ಹಳೆಯ ವಿದ್ಯಾರ್ಥಿಗಳು ವಹಿಸಿಕೊಳ್ಳಲಿ. ಯಾವುದೋ ವರ್ಷ ಆ ಬಹುಮಾನಕ್ಕೆ ಅರ್ಹರು ದೊರೆಯದಿದ್ದರೆ ಅದನ್ನು ಯಾರಿಗೂ ಕೊಡದೆ ಉಳಿಸಿ, ಆ ಸಂಗತಿಯನ್ನು ಸಭೆಯಲ್ಲಿ ಓದಿ ಹೇಳಲಿ. ಅದೂ ಒಂದು ಪಾಠವೇ.

ಆ ಸುವರ್ಣ ಮಹೋತ್ಸವದ ಪಂದ್ಯದ ಮೊತ್ತಗಳನ್ನು ನೆನಪಿನಿಂದ ಹೇಳಬಲ್ಲವರು ಇಂದು ವಿರಳ. ಗೆದ್ದವರಾರೆಂಬುದನ್ನು ಸಹ ಹಲವರು ಪುಸ್ತಕ ತೆರೆದು ನೋಡಿಯೇ 'ಇಂಗ್ಲೆಂಡ್' ಎನ್ನಬೇಕು. ಆದರೆ ಗಿಡ್ಡ ಆಳಿನ ನಾಯಕರೊಬ್ಬರು ಸ್ಲಿಪ್ಪಿನಿಂದ ಮುಂದೆ ನಡೆದು, ಹೊರಟುನಿಂತ ಎದುರಾಳಿಯನ್ನು ಕೂಗಿ ಕರೆದುದನ್ನು ಕೇಳರಿಯದ ಕ್ರಿಕೆಟ್ ಪ್ರೇಮಿಗಳಿಲ್ಲ. ಸ್ಮರಣೆಗೆ ಯಾವುದು ಯೋಗ್ಯವೆಂಬುದನ್ನು ಕಾಲವೇ ತೀರ್ಮಾನಿಸಿದೆ. ನಮ್ಮ ಶಾಲೆಗಳ ಬಯಲುಗಳಲ್ಲಿ ಆಡಿ ಬೆಳೆಯುವ ಮಕ್ಕಳಿಗೆ ವಿಶ್ವನಾಥರ ಕೈಚಳಕ ಒಲಿಯದಿದ್ದರೂ ಚಿಂತೆಯಿಲ್ಲ. ಅವರ ಆ ಒಂದು ಕರೆಯನ್ನು ಕರೆಯುವ ಮನಸ್ಸು ಒಲಿಯಲಿ ಎಂದು ಹಾರೈಸುವುದು ಯುಕ್ತವಾಗಿದೆ.